ಮಂಡ್ಯ ಕಡೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಿಟಾರ್ ನಾದವನ್ನು ಒರಟಾಗಿಸುವ ಫಜ್ ಫೇಸ್ ಪೆಡಲ್‌ನ ರೀಇಶ್ಯೂ (ಹಳೇ ಮಾದರಿಯ ಮರುತಯಾರಿಕೆ) ತಗೊಂಡರೆ ಒಳಗಿನ ಟ್ರಾನ್ಸಿಸ್ಟರ್ ಜರ್ಮೇನಿಯಂ ಇದ್ದರೆ ಒಳ್ಳೆಯದೋ, ಸಿಲಿಕಾನೋ?

ಸ್ಟೇಜಿಗೆ ಅಂತಾದರೆ ಕಣ್ಣು ಮುಚ್ಚಿಕೊಂಡು ಸಿಲಿಕಾನ್ ತಗೊಳ್ಳಿ. ಕೆಂಪು ಬಣ್ಣದ ದೊಡ್ಡ ದುಂಡನೆಯ ಜರ್ಮೇನಿಯಂ ಪೆಡಲ್ ನೋಡಿ ಮನಸ್ಸು ಸೋತಿದೆ ಅಂತ ಬರೆದಿದ್ದೀರಿ. ಸೋಲುವಂಥದ್ದೇ ಅದು. ಆದರೆ ನೀವು ಹೇಳಿರುವ ಪ್ರಕಾರ ನಿಮ್ಮದು ಗಿಟಾರ್‌ನಿಂದ ವೈರ್‌ಲೆಸ್, ಅಲ್ಲಿಂದ ಮಲ್ಟಿ-ಎಫೆಕ್ಟ್ಸ್, ಅಲ್ಲಿಂದ ನೇರ ಮಿಕ್ಸರ್. ಗಣೇಶನ ಹಬ್ಬ, ಜಾತ್ರೆ, ಮದುವೆ ರಿಸೆಪ್ಷನ್ ಅಂತ ದಿನಕ್ಕೊಂದು ಊರು. ಈ ಓಡಾಟಕ್ಕೆ ಜರ್ಮೇನಿಯಂ ಒಗ್ಗುವುದಿಲ್ಲ. ನಿಜ ಹೇಳಬೇಕೆಂದರೆ, ನಿಮ್ಮ ಈಗಿನ ಸೆಟಪ್‌ಗೆ ಸಿಲಿಕಾನ್ ಕೂಡ ಹಾಗ್ಹಾಗೇ ಒಗ್ಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಫಜ್ ಫೇಸ್ ಲಂಡನ್ನಿನಲ್ಲಿ 1966ರಲ್ಲಿ ಹುಟ್ಟಿದ್ದು. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದರಿಂದ ಹೆಸರಾಯಿತು. ಒಳಗೆ ಬಿಚ್ಚಿ ನೋಡಿದರೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ವಾಲ್ಯೂಮ್ ಮತ್ತು ಫಜ್ ಅಂತ ಎರಡು ಪಾಟ್ (ತಿರುಗಿಸುವ ನಾಬ್), ಅಷ್ಟೇ. ಮೊದಮೊದಲು ಹಾಕುತ್ತಿದ್ದದ್ದು ಎನ್‌ಕೆಟಿ 275 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್. ಆ ದಶಕದ ಕೊನೆಯ ಹೊತ್ತಿಗೆ ಬಿ.ಸಿ. 108ರಂಥ ಸಿಲಿಕಾನ್ ಬಂತು. ಇಷ್ಟು ಕಡಿಮೆ ಸಾಮಾನಿರುವ ಸರ್ಕ್ಯೂಟ್‌ನಲ್ಲಿ ಹೊರಗಿನದನ್ನು ತಡೆದುಕೊಳ್ಳುವ ಏರ್ಪಾಡೇ ಇಲ್ಲ. ಹಿಂದೆ ಏನು ಸಿಕ್ಕಿಸಿದ್ದೀರಿ, ಮುಂದೆ ಏನಿದೆ, ಬಿಸಿಲೆಷ್ಟು, ಎಲ್ಲವೂ ನಾದದಲ್ಲಿ ಕೇಳುತ್ತದೆ.

ಮೊದಲು ಬಿಸಿಲಿನ ಮಾತು. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಸೋರುವ ಕರೆಂಟ್ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ವೋಲ್ಟೇಜ್ ನಾಲ್ಕೂವರೆ ವೋಲ್ಟ್ ಆಸುಪಾಸಿನಲ್ಲಿದ್ದರೆ ಚೆಂದ. ಬಿಸಿಯಾದ ಹಾಗೆ ಅದು ಜಾಗ ಬಿಟ್ಟು ಕದಲುತ್ತದೆ. ನಮ್ಮ ತಂಡದ ಹಿರಿಯ ಗಿಟಾರಿಸ್ಟ್ ಒಬ್ಬರ ಹತ್ತಿರ ಇಂಥದ್ದೊಂದಿದೆ. ಮದ್ದೂರಿನ ಹತ್ತಿರ ಒಂದು ಊರಹಬ್ಬಕ್ಕೆ ಹೋದಾಗ ಮಧ್ಯಾಹ್ನವೇ ಸೌಂಡ್ ಚೆಕ್. ತಗಡಿನ ಚಾವಣಿ, ಪೆಡಲ್ ಮುಟ್ಟಿದರೆ ಬೆರಳು ಚುರುಕ್ ಅನ್ನುವಷ್ಟು ಕಾದಿತ್ತು. ತಂತಿ ಮೀಟಿದರೆ ಸ್ವರ ‘ಪರ್’ ಅಂದು ಅಲ್ಲೇ ಸಾಯುತ್ತಿತ್ತು, ಎಳೆದು ನಿಲ್ಲಿಸೋಣವೆಂದರೆ ನಿಲ್ಲಲೊಲ್ಲದು. ಸೌಂಡಿನ ಹುಡುಗ ಕೇಬಲ್ ಬದಲಾಯಿಸಿದ, ಚಾನೆಲ್ ಬದಲಾಯಿಸಿದ. ರಾತ್ರಿ ಒಂಬತ್ತಕ್ಕೆ ಕಾರ್ಯಕ್ರಮ ಶುರುವಾದಾಗ ಅದೇ ಪೆಡಲ್, ಅದೇ ಕೇಬಲ್, ಬೆಣ್ಣೆಯಂಥ ನಾದ! ಅವರಿಗೆ ಅದರ ಗುಣ ಗೊತ್ತು, ಸುಮ್ಮನೆ ನಗುತ್ತಿದ್ದರು. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ನಮ್ಮ ಕಡೆ ಈ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸಿಲಿಕಾನ್‌ಗೆ ಈ ಕಾಟ ಇಲ್ಲವೆಂದೇ ಹೇಳಬಹುದು.

ಇನ್ನು ವೈರ್‌ಲೆಸ್. ನನ್ನ ಲೆಕ್ಕದಲ್ಲಿ ಜರ್ಮೇನಿಯಂ, ಸಿಲಿಕಾನ್ ಅನ್ನುವುದಕ್ಕಿಂತ ದೊಡ್ಡ ವಿಷಯ ಇದು, ಯಾರೂ ಕೇಳುವುದಿಲ್ಲ. ಫಜ್ ಫೇಸ್‌ನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ, ತೀರಾ ಕಡಿಮೆ. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರ್ ಪಿಕಪ್ಪಿನ ಕಾಯಿಲ್ ನೇರವಾಗಿ ಅದಕ್ಕೆ ತಗುಲಿದಾಗ ಪಿಕಪ್ಪೂ ಸರ್ಕ್ಯೂಟ್‌ನ ಒಂದು ಭಾಗವೇ ಆಗಿಬಿಡುತ್ತದೆ. ಹಾಗಾಗಿಯೇ ಗಿಟಾರ್‌ನ ವಾಲ್ಯೂಮ್ ನಾಬ್ 10ರಿಂದ 7ಕ್ಕೆ ಇಳಿಸಿದರೆ ಗದ್ದಲವೆಲ್ಲ ಕರಗಿ, ಹೊಳಪಿನ ಕ್ಲೀನ್ ನಾದ ಬರುವುದು. ಜನ ಈ ಪೆಡಲ್‌ಗೆ ದುಡ್ಡು ಸುರಿಯುವುದು ಆ ಒಂದು ಗುಣಕ್ಕೆ. ವೈರ್‌ಲೆಸ್ ರಿಸೀವರ್ ಅಥವಾ ಬಫರ್ (ಸಿಗ್ನಲ್‌ಗೆ ಬಲ ಕೊಟ್ಟು ಮುಂದೆ ಕಳಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಮಧ್ಯೆ ಬಂದರೆ ಪಿಕಪ್ಪಿಗೂ ಪೆಡಲ್‌ಗೂ ನಂಟು ಕಡಿದ ಹಾಗೆ. ನಾದ ಕರ್ಕಶವಾಗುತ್ತದೆ, ವಾಲ್ಯೂಮ್ ಇಳಿಸಿದರೂ ಆ ಹೊಳಪು ಬರುವುದಿಲ್ಲ. ‘ರೀಇಶ್ಯೂ ಹಳೆಯದರ ಹಾಗಿಲ್ಲ’ ಅಂತ ದೂರುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ ಇರಬೇಕು ಅನ್ನುವುದು ನನ್ನ ಅನುಮಾನ. ಗಿಟಾರ್, ಕೇಬಲ್, ಫಜ್, ಆಮೇಲೆ ಮಿಕ್ಕಿದ್ದೆಲ್ಲ. ಈ ಕ್ರಮ ತಪ್ಪಿಸಬೇಡಿ. ವೈರ್‌ಲೆಸ್ ಬಿಡಲಾರೆ ಅಂದರೆ ಪಿಕಪ್ಪಿನ ಹಾಗೆಯೇ ವರ್ತಿಸುವ ಪಿಕಪ್ ಸಿಮ್ಯುಲೇಟರ್ ಅಂತ ಸಿಗುತ್ತದೆ, ಅದನ್ನು ನಡುವೆ ಹಾಕಬಹುದು.

ನೇರ ಮಿಕ್ಸರ್‌ಗೆ ಕೊಡುವುದು ಇನ್ನೊಂದು ತೊಡಕು. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನದನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಸಭೆಗೆ ಕೇಳಿಸುವ ಪಿಎ ಸ್ಪೀಕರ್ ನುಂಗುವುದಿಲ್ಲ, ಇದ್ದದ್ದನ್ನೆಲ್ಲ ಜನರ ಕಿವಿಗೆ ಎರಚುತ್ತದೆ. ಫಜ್ ಆದಮೇಲೆ ನಿಮ್ಮ ಮಲ್ಟಿ-ಎಫೆಕ್ಟ್ಸ್‌ನಲ್ಲಿ ಆಂಪ್ ಮತ್ತು ಕ್ಯಾಬಿನೆಟ್ ಸಿಮ್ಯುಲೇಷನ್ (ಆಂಪ್, ಸ್ಪೀಕರ್ ಪೆಟ್ಟಿಗೆಗಳ ನಾದದ ಅನುಕರಣೆ) ಎರಡೂ ಆನ್ ಇರಲಿ, ಡಿಸ್ಟಾರ್ಷನ್ ಆಫ್ ಇರಲಿ.

ಪವರ್ ವಿಷಯ ಚುಟುಕಾಗಿ. ಹಳೇ ಮಾದರಿಯ ಜರ್ಮೇನಿಯಂ ಫಜ್ ಹೆಚ್ಚಿನವು ಪಾಸಿಟಿವ್ ಗ್ರೌಂಡ್, ಅಂದರೆ ಮಾಮೂಲಿ ಪೆಡಲ್‌ಗಳಲ್ಲಿ ಗ್ರೌಂಡ್‌ಗೆ ಮೈನಸ್ ತಗುಲಿದ್ದರೆ ಇವುಗಳಲ್ಲಿ ಪ್ಲಸ್. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ನ ಸರಪಣಿಗೆ ಸಿಕ್ಕಿಸಿದರೆ ಶಾರ್ಟ್. ಅಂಗಡಿಯಲ್ಲಿ ಸಿಗುವ ಮಾಮೂಲಿ 9 ವೋಲ್ಟ್ ಜಿಂಕ್-ಕಾರ್ಬನ್ ಬ್ಯಾಟರಿ ಸಾಕು. ವಿದೇಶದಲ್ಲಿ ಫಜ್ ಹುಚ್ಚಿನವರು ಆಲ್ಕಲೈನ್ ಬಿಟ್ಟು ಇದನ್ನೇ ಹುಡುಕಿಕೊಂಡು ಹೋಗುತ್ತಾರೆ, ನಮಗೆ ಮೂಲೆ ಅಂಗಡಿಯಲ್ಲೇ ಸಿಗುತ್ತದೆ. ಕರೆಂಟ್ ಎಳೆಯುವುದೂ ಅತ್ಯಲ್ಪ. ಆದರೆ ಇನ್‌ಪುಟ್ ಜ್ಯಾಕ್‌ನಲ್ಲಿ ಕೇಬಲ್ ಇದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಕಾರ್ಯಕ್ರಮ ಮುಗಿದ ತಕ್ಷಣ ಕಿತ್ತುಬಿಡಿ.

ಹಾಗಾದರೆ ಯಾವುದು? ಈಗ ಫಜ್ ಫೇಸ್ ತಯಾರಿಸುವ ಡನ್‌ಲಪ್ ಕಂಪನಿಯ ಮಿನಿ ಸಾಲಿನಲ್ಲಿ ನೀಲಿಯದು ಸಿಲಿಕಾನ್, ಕೆಂಪಿನದು ಜರ್ಮೇನಿಯಂ. ನೀಲಿ ಮಿನಿ ತಗೊಳ್ಳಿ. ಎಲ್‌ಇಡಿ ಇದೆ, ಅಡಾಪ್ಟರ್ ಸಾಕೆಟ್ ಇದೆ, ಕತ್ತಲ ಸ್ಟೇಜಿನಲ್ಲಿ ಆನೋ ಆಫೋ ಗೊತ್ತಾಗುತ್ತದೆ. ನಾದ ಸ್ವಲ್ಪ ಚೂಪು, ಗೇನ್ ಜಾಸ್ತಿ. ಸೀರಿಯಲ್ ಸೆಟ್ಟು, ಡಿಮ್ಮರ್, ಜನರೇಟರ್ ಇರುವ ಕಡೆ ಸಿಂಗಲ್ ಕಾಯಿಲ್ ಪಿಕಪ್ಪಿನ ಗುಂಯ್ ಸದ್ದನ್ನೂ ದೊಡ್ಡದು ಮಾಡುತ್ತದೆ. ನುಡಿಸದೇ ಇರುವಾಗ ಪೆಡಲ್ ಆಫ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಬಿಗ್ ಮಫ್ ಅನ್ನುವ ಇನ್ನೊಂದು ಫಜ್ ಪೆಡಲ್ ಬಗ್ಗೆಯೂ ಕೇಳಿದ್ದೀರಿ. 1969ರ ವಿನ್ಯಾಸ, ನಾಲ್ಕು ಟ್ರಾನ್ಸಿಸ್ಟರ್, ಟೋನ್ ನಾಬ್ ಉಂಟು, ಬಫರ್‌ಗೆ ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲ. ವೈರ್‌ಲೆಸ್ ಬಿಡುವುದೇ ಇಲ್ಲ ಅನ್ನುವವರಿಗೆ ಅದೇ ವಾಸಿ. ಆದರೆ ಅದು ಮಧ್ಯದ ಫ್ರೀಕ್ವೆನ್ಸಿಗಳನ್ನು ಇಳಿಸುತ್ತದೆ. ಕೀಬೋರ್ಡ್, ರಿದಂ ಪ್ಯಾಡ್, ಢೋಲಕ್ ಎಲ್ಲ ಒಟ್ಟಿಗೆ ಮೊಳಗುವಾಗ ನಿಮ್ಮ ಲೀಡ್ ಯಾರಿಗೂ ಕೇಳಿಸದೆ ಹೋಗುವ ಅಪಾಯ ಇದೆ. ಮಲ್ಟಿ-ಎಫೆಕ್ಟ್ಸ್‌ನ ಈಕ್ಯೂನಲ್ಲಿ 800 ಹರ್ಟ್ಸ್ ಸುತ್ತಮುತ್ತ ಸ್ವಲ್ಪ ಏರಿಸಿಕೊಳ್ಳಬೇಕಾಗುತ್ತದೆ.

ಜರ್ಮೇನಿಯಂ ಆಸೆ ಹೋಗಲಿಲ್ಲವೆಂದರೆ ಮನೆಯಲ್ಲಿ ನುಡಿಸಲು, ರೆಕಾರ್ಡಿಂಗ್‌ಗೆ ಮುಂದೆ ನೋಡಿ. ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಸಲು ಶುರು ಮಾಡಿತ್ತು. ಅಟ್ಟದ ಮೇಲೆ ತಾತನ ಕಾಲದ ಟ್ರಾನ್ಸಿಸ್ಟರ್ ರೇಡಿಯೋ ಕೆಟ್ಟು ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ಒಳಗೆ ಒಮ್ಮೆ ಇಣುಕಿ. ಗೇನ್ ಮತ್ತು ಸೋರಿಕೆ ಅಳೆದು ಒಳ್ಳೆಯ ಜೋಡಿ ಸಿಕ್ಕಿದರೆ, ಬೆಸುಗೆ ಗೊತ್ತಿರುವವರು ಒಂದು ಸಂಜೆಯಲ್ಲಿ ಪೆಡಲ್ ಕಟ್ಟಿಕೊಡುತ್ತಾರೆ.