ಟೊಯೋಟಾ ಟಕೋಮಾ: ಟಿಆರ್‌ಡಿ ಸ್ಪೋರ್ಟ್ ಒಳ್ಳೆಯದಾ, ಟಿಆರ್‌ಡಿ ಆಫ್-ರೋಡ್ ಒಳ್ಳೆಯದಾ?

ಟಕೋಮಾ ಒಂದು ಪಿಕಪ್ ಟ್ರಕ್. ಟಿಆರ್‌ಡಿ (ಟೊಯೋಟಾ ರೇಸಿಂಗ್ ಡೆವಲಪ್‌ಮೆಂಟ್) ಸ್ಪೋರ್ಟ್ ಮತ್ತು ಆಫ್-ರೋಡ್ ಅದರ ಎರಡು ಮಾದರಿಗಳು. ಅಮೆರಿಕದಲ್ಲಿ ನಿಮ್ಮ ಓಡಾಟ ಜಾಸ್ತಿ ಟಾರು ರಸ್ತೆಯಲ್ಲೇ ಅಂದರೆ ಸ್ಪೋರ್ಟ್ ಸಾಕು. ಕೆಸರು, ಬಂಡೆಗಳ ದಾರಿಗೆ ಆಗಾಗ ಹೋಗುವವರು ಆಫ್-ರೋಡ್ ತಗೊಳ್ಳಿ.

ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಕೊಡುವ ಫೋರ್ ವೀಲ್ ಡ್ರೈವ್ ಎರಡರಲ್ಲೂ ಸಿಗುತ್ತದೆ. ಮುಖ್ಯ ವ್ಯತ್ಯಾಸ ಆಫ್-ರೋಡ್‌ನಲ್ಲಿರುವ ಹಿಂಬದಿಯ ಡಿಫರೆನ್ಶಿಯಲ್ ಲಾಕ್. ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಶಿಯಲ್. ಒಂದು ಚಕ್ರ ಗುಂಡಿಯ ಮೇಲೆ ತೇಲಿತು ಅಂದುಕೊಳ್ಳಿ. ಅದೊಂದೇ ಗಿರ್ರನೆ ಸುತ್ತುತ್ತದೆ, ಎಂಜಿನ್ ಶಕ್ತಿ ಸುಮ್ನೆ ಪೋಲಾಗುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೇ ತಿರುಗುತ್ತವೆ. ನೆಲ ಕಚ್ಚಿದ ಚಕ್ರ ಗಾಡಿಯನ್ನು ಮುಂದೆ ನೂಕುತ್ತದೆ.

ಈ ಲಾಕ್ ಆಮೇಲೆ ಹಾಕಿಸೋದು ದುಬಾರಿ ಕೆಲಸ. ಅನುಮಾನ ಇದ್ದರೆ ನಾನಂತೂ ಆಫ್-ರೋಡ್ ಕಡೆಗೇ ವಾಲುತ್ತೇನೆ.