ಪುಸ್ತಕ ಮುಚ್ಚಿ ಓದು ಅಂದೆ

ಪ್ರತಿ ವರ್ಷ ಮೊದಲ ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಮುಗಿದ ಮೇಲೆ, ಎಷ್ಟು ಓದಿದರೂ ಫೇಲಾಗುವ ಮಕ್ಕಳು ನನ್ನ ಹತ್ತಿರ ಬಂದೇ ಬರುತ್ತಾರೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೊದಲ ವರ್ಷದ ಎಂಬಿಬಿಎಸ್ ಹುಡುಗಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಅನಾಟಮಿಯಲ್ಲಿ ಫೇಲು. ಮನೆಯವರು, ಸೀನಿಯರ್‌ಗಳು ಎಲ್ಲರದೂ ಒಂದೇ ಮಾತು, ಇನ್ನೂ ಜಾಸ್ತಿ ಓದು. ನಿದ್ದೆಗೆಟ್ಟು ಓದಿದಳು. ಮತ್ತೆ ಫೇಲು. "ಸೀಟು ಬಿಟ್ಟುಬಿಡ್ತೀನಿ ಮೇಡಂ, ನನ್ನ ತಲೆಗೆ ಇದು ಹತ್ತಲ್ಲ" ಅಂದಳು.

ಮುಂದಿನ ಭೇಟಿಗೆ ಪುಸ್ತಕ ತರಿಸಿದೆ. ಪುಟದ ತುಂಬ ಹಳದಿ, ಗುಲಾಬಿ ಹೈಲೈಟರ್, ಬಣ್ಣ ಬೀಳದ ಸಾಲೇ ಇಲ್ಲ. ಪುಸ್ತಕ ನಾನಿಟ್ಟುಕೊಂಡು ಅವಳಿಗೆ ಖಾಲಿ ಹಾಳೆ ಕೊಟ್ಟೆ. ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕತ್ತಿನಿಂದ ಕೈಗೆ ಹೋಗುವ ನರಗಳ ಜಾಲ, ಬರಿ ಅಂದೆ. ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಟಿ1ರವರೆಗಿನ ಐದು ರೂಟ್ (ನರದ ಬೇರು), ಆಮೇಲೆ ಅವು ಸೇರಿ ಆಗುವ ಮೂರು ಟ್ರಂಕ್ (ಕಾಂಡ) ಬರೆದಳು. ಅಲ್ಲಿಗೆ ಪೆನ್ನು ನಿಂತಿತು. "ನಿನ್ನೆ ರಾತ್ರಿ ಇದನ್ನೇ ಆರು ಸಲ ಓದಿದೀನಿ ಮೇಡಂ. ಓದ್ತಾ ಇದ್ರೆ ಎಲ್ಲಾ ಗೊತ್ತು ಅನ್ಸುತ್ತೆ" ಅಂತ ಅತ್ತಳು.

"ಇಂಗ್ಲಿಷ್ ಬಿಡು. ನಿಮ್ಮಮ್ಮಂಗೆ ಹೇಳೋ ಹಾಗೆ ಹೇಳು."

ತಡವರಿಸುತ್ತ ಶುರು ಮಾಡಿದಳು. "ಒಂದೊಂದು ಟ್ರಂಕೂ ಮುಂದಕ್ಕೊಂದು ಹಿಂದಕ್ಕೊಂದು ಅಂತ ಒಡೆಯುತ್ತೆ. ಹಿಂದಿನ ಮೂರೂ ಸೇರಿ ಪೋಸ್ಟೀರಿಯರ್ ಕಾರ್ಡ್. ಅದರಿಂದ ರೇಡಿಯಲ್ ನರ್ವ್, ಅದು ತೋಳಿನ ಮೂಳೆ ಪಕ್ಕದಲ್ಲೇ ಹೋಗುತ್ತೆ... ಓ, ಅದಕ್ಕೇ ಮೂಳೆ ಮುರಿದಾಗ ಕೆಲವರಿಗೆ ಮಣಿಕಟ್ಟು ಮೇಲೆತ್ತೋಕಾಗಲ್ಲ!" ಅಳು ನಿಂತಿತ್ತು, ಪೆನ್ನು ಮತ್ತೆ ಓಡುತ್ತಿತ್ತು.

ಓದುವ ಗಂಟೆ ಕಡಿಮೆ ಮಾಡು, ನಿದ್ದೆ ಬಿಡಬೇಡ ಅಂದೆ. ಒಂದು ಸಲ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟು ಬರಿ, ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ನೋಡು. ಮರುದಿನ ಇನ್ನೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೋ, ಆಮೇಲೆ ರೂಮ್‌ಮೇಟ್ ಮುಂದೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳು, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಬೇಕಾಗುವುದು ಅದೇ.

ಕನ್ನಡದಲ್ಲಿ ಓದಿಸಿದರೆ ಇನ್ನೂ ಹಿಂದೆ ಬೀಳುತ್ತಾಳೆ ಅಂತ ಒಬ್ಬ ಅಧ್ಯಾಪಕರು ಬೇಸರಪಟ್ಟರು. ನಾನು ಒಪ್ಪಲ್ಲ. ಅರ್ಥವೇ ಆಗದ್ದನ್ನು ಯಾವ ಭಾಷೆಯಲ್ಲಿ ಒಪ್ಪಿಸಿದರೇನು? ನಾಳೆ ವಾರ್ಡಿನಲ್ಲಿ ರೋಗಿಗೆ ಇವಳು ಕನ್ನಡದಲ್ಲೇ ಹೇಳಬೇಕು, ಅಲ್ವಾ. ಇನ್ನು ಪುಸ್ತಕ ಮುಚ್ಚುವ ಸಲಹೆ ಸುಮ್ನೆ ಹೇಳಿದ್ದಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಓದಿದ ಐದು ನಿಮಿಷಕ್ಕೆ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರಿಗೆ ಜಾಸ್ತಿ ನೆನಪಿತ್ತು. ನಮ್ಮ ಮಕ್ಕಳಿಗೆ ಪರೀಕ್ಷೆ ಓದಿದ ಐದೇ ನಿಮಿಷಕ್ಕೆ ಬರುವುದಿಲ್ಲ.

ಹುಡುಗಿ ಮುಂದಿನ ಇಂಟರ್ನಲ್ಸ್‌ನಲ್ಲಿ ಅನಾಟಮಿ ಪಾಸಾದಳು. ಬಯೋಕೆಮಿಸ್ಟ್ರಿ ಇನ್ನೂ ಕಷ್ಟ, ಬರುತ್ತಿರುತ್ತಾಳೆ.

ಮನೆಯವರೇ, ಇನ್ನೂ ಓದು ಅನ್ನುವ ಮೊದಲು ಹೇಗೆ ಓದ್ತೀಯ ತೋರಿಸು ಅನ್ನಿ. ಬದುಕೇ ಬೇಡ ಅನ್ನುವ ಮಾತು ಮಗುವಿನ ಬಾಯಲ್ಲಿ ಬಂದರೆ ಮಾರ್ಕ್ಸಿನ ವಿಷಯ ಅಲ್ಲಿಗೇ ಬಿಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.