ಗಿಡ್ಡ ಅಲೋವೆರಾ ಕೆಂಪಾಗಿದೆ, ಏನು ಮಾಡಲಿ?

ಪ್ರಶ್ನೆ: ನರ್ಸರಿಯಲ್ಲಿ ‘ಗಿಡ್ಡ ಅಲೋವೆರಾ’ ಅಂತ ಕೊಟ್ಟ ಗಿಡ ತಂದು ತಾರಸಿಯಲ್ಲಿ ಇಟ್ಟಿದ್ದೇನೆ. ಗೇಣುದ್ದವೂ ಇಲ್ಲ. ಚೂಪು ಎಲೆ, ಹೊರಗಡೆ ಅಡ್ಡಡ್ಡ ಬಿಳಿ ಪಟ್ಟೆ. ಹೊಲದ ಎರೆಮಣ್ಣು ಹಾಕಿ ದಿನಾ ನೀರು ಕೊಡುತ್ತೇನೆ. ಈಗ ಎಲೆ ಕೆಂಪಾಗಿದೆ, ಬುಡದವು ಮೆತ್ತಗಾಗಿವೆ. ಇದರ ಲೋಳೆ ಮುಖಕ್ಕೆ ಹಚ್ಚಬಹುದಾ?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಮುಖಕ್ಕೆ ಬೇಡ ತಾಯಿ, ಅದು ಅಲೋವೆರಾನೇ ಅಲ್ಲ. ನೀವು ಹೇಳಿದ ಗುರುತು ನೋಡಿದರೆ ಹಾವರ್ತಿಯಾ. ಲೋಳೆಸರದ ದಾಯಾದಿ, ಮೂಲ ದಕ್ಷಿಣ ಆಫ್ರಿಕಾ. 2013ರಲ್ಲಿ ಇಂಥವನ್ನು ಹಾವರ್ತಿಯಾಪ್ಸಿಸ್ ಅಂತ ಬೇರೆ ಕುಲವಾಗಿ ಮಾಡಿದರು. ನರ್ಸರಿಯಲ್ಲಿ ಹಳೇ ಹೆಸರೇ ನಡೆಯುತ್ತದೆ.

ಒಂದು ಎಲೆಯ ಎರಡೂ ಬದಿ ಬೆರಳಾಡಿಸಿ ನೋಡಿ. ಬಿಳಿ ಪಟ್ಟೆ ಬರೀ ಬಣ್ಣ ಅಲ್ಲ, ಸಾಲಾಗಿ ಕೂತ ಸಣ್ಣ ಗಂಟುಗಳು. ಉಗುರಿಗೆ ತಾಗುತ್ತವೆ. ಇದರಲ್ಲಿ ಎರಡು ಜಾತಿ: ಒಳಬದಿಯಲ್ಲೂ ಗಂಟು ಸಿಕ್ಕರೆ ಅಟೆನ್ಯುಯೇಟಾ, ನುಣ್ಣಗಿದ್ದರೆ ಫ್ಯಾಸಿಯೇಟಾ. ಮಾರುವವರು ಎರಡಕ್ಕೂ ಫ್ಯಾಸಿಯೇಟಾ ಅಂತಲೇ ಚೀಟಿ ಅಂಟಿಸುತ್ತಾರೆ, ಕೈಗೆ ಬರುವುದು ಹೆಚ್ಚಾಗಿ ಅಟೆನ್ಯುಯೇಟಾ. ಎಲೆತುದಿಯಲ್ಲಿ ಒಣಗಿದ ಕೂದಲಿನಂಥ ಎಳೆ ಇದ್ದರೆ ಮಾತ್ರ ಅರಿಸ್ಟಾಟಾ, ಅದು ಹಾವರ್ತಿಯಾ ಅಲ್ಲ, ಬೇರೆ ಗಿಡ. ಹೂ ಬಿಟ್ಟಾಗ ಅನುಮಾನವೇ ಬೇಡ. ಹಾವರ್ತಿಯಾದ್ದು ತೆಳ್ಳನೆ ಕಡ್ಡಿಯ ಮೇಲೆ ಸಣ್ಣ ಬಿಳಿ ಹೂ, ಅರಿಸ್ಟಾಟಾದ್ದು ಕೇಸರಿಗೆಂಪು ಕೊಳವೆ.

ಕೆಂಪಾಗಿದ್ದು ಬಿಸಿಲಿಗೆ, ರೋಗವಲ್ಲ. ಪೊದೆಯ ಮರೆಯಲ್ಲಿ ಬೆಳೆಯುವ ಗಿಡವನ್ನು ಬೇಸಿಗೆಯ ದಾವಣಗೆರೆ ತಾರಸಿಗೆ ಹತ್ತಿಸಿದರೆ ಇನ್ನೇನಾಗುತ್ತದೆ ಹೇಳಿ! ಇಲ್ಲಿ ಚಿತ್ರದುರ್ಗದಲ್ಲಿ ನನ್ನದು ಪೂರ್ವದ ಕಿಟಕಿಯಲ್ಲಿದೆ. ಬೆಳಗಿನ ಎಳೆಬಿಸಿಲು ಸಾಕು. ಕೆಳಗೆ ಇಳಿಸಿ, ನಿಧಾನಕ್ಕೆ ಹಸಿರಾಗುತ್ತದೆ.

ಬುಡ ಮೆತ್ತಗಾಗಿದ್ದೇ ನಿಜವಾದ ತೊಂದರೆ. ಎರೆಮಣ್ಣು ಹತ್ತಿಗೆ ಚೆಂದ. ಕುಂಡದಲ್ಲಿ ನೀರು ಹಿಡಿದು ಇದರ ಬೇರು ಕೊಳೆಸುತ್ತದೆ, ಅದರ ಮೇಲೆ ನೀವು ದಿನಾ ನೀರು ಬೇರೆ ಹುಯ್ದಿದ್ದೀರಿ. ಇವತ್ತೇ ಗಿಡ ಕಿತ್ತು ಕಪ್ಪು ಬೇರು, ಮೆತ್ತನೆ ಎಲೆ ತೆಗೆಯಿರಿ. ಎರಡು ಮೂರು ದಿನ ನೆರಳಲ್ಲಿ ಸುಮ್ನೆ ಒಣಗಲು ಬಿಡಿ. ಆಮೇಲೆ ಒಂದು ಪಾಲು ಗೊಬ್ಬರದ ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ, ತೂತಿರುವ ಮಣ್ಣಿನ ಕುಂಡದಲ್ಲಿ ನೆಡಿ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಗಟ್ಟಿಯಾಗುತ್ತದೆ. ಒಂದು ವಾರ ನೀರು ಬೇಡ. ಮುಂದೆಯೂ ಮಣ್ಣು ಪೂರ್ತಿ ಒಣಗಿದ ಮೇಲೆ ಕೊಡಿ, ಮಳೆಗಾಲದಲ್ಲಿ ಇನ್ನೂ ಕಡಿಮೆ.

ಕಿತ್ತಾಗ ಬುಡದಲ್ಲಿ ಮರಿ ಕಂಡರೆ ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ತಾಯಿಗಿಡ ಚೇತರಿಸಿಕೊಳ್ಳದಿದ್ದರೂ ಮರಿ ಕೈಯಲ್ಲಿರುತ್ತದೆ.